ಒಂದು ಲೋಟ ಚೊಗರು

ಫ್ರಾನ್ಸಿನ ಲಿಯಾನ್‌ಗೆ ಬಂದ ಮೊದಲ ಚಳಿಗಾಲದಲ್ಲಿ ಒಂದು ಬೋರ್ಡೊ ಬಾಟಲಿ ತಂದೆ. ಬೋರ್ಡೊದ ಮೆಡಾಕ್ ಸೀಮೆಯ ಕೆಂಪು ವೈನು, ತೀರಾ ಹೊಸದು. ಮನೆಯಲ್ಲಿ ಅವತ್ತು ಮೆಣಸಿನ ಸಾರು, ಊರಿಂದ ಬಂದ ಮಿಡಿ ಉಪ್ಪಿನಕಾಯಿ. ಇನ್ನೇನು ಬೇಕು ಅಂದುಕೊಂಡು ಒಂದು ಗುಟುಕು ಕುಡಿದೆ ನೋಡಿ, ಬಾಯಿ ಹೊತ್ತಿ ಉರಿಯಿತು. ಉರಿ ಇಳಿಯುವ ಮೊದಲೇ ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿಕೊಂಡಿತು.

ಹೆಂಡತಿ ಒಂದು ತೊಟ್ಟು ರುಚಿ ನೋಡಿ ಲೋಟ ಕೆಳಗಿಟ್ಟಳು. "ಏನ್ರೀ ಇದು, ಚೊಗರು ಕುಡಿದ ಹಾಗಿದೆ!"

ಅಡಿಕೆ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸುಲಿದ ಹಸಿ ಅಡಿಕೆಯನ್ನು ಹಂಡೆಯಲ್ಲಿ ಬೇಯಿಸಿದರೆ ನೀರು ಕೆಂಪಾಗುತ್ತದೆ. ಅದೇ ನೀರಲ್ಲಿ ಮತ್ತೆ ಮತ್ತೆ ಬೇಯಿಸುತ್ತಾ ಹೋದರೆ ಮಂದವಾಗಿ, ಕಪ್ಪುಗೆಂಪಾಗಿ ಚೊಗರಾಗುತ್ತದೆ. ಚಿಕ್ಕವನಿದ್ದಾಗ ಒಮ್ಮೆ ಬೆರಳದ್ದಿ ನೆಕ್ಕಿದ್ದೆ. ಮುಖ ಸೊಟ್ಟಗಾದದ್ದು ಇವತ್ತಿಗೂ ನೆನಪಿದೆ.

ಅವಳು ತಮಾಷೆಗೆ ಅಂದದ್ದು ನಿಜವೇ. ಅಡಿಕೆಯಿಂದ ಚೊಗರಿಗೆ ಇಳಿಯುವುದೂ, ದ್ರಾಕ್ಷಿಯ ಸಿಪ್ಪೆ ಬೀಜಗಳಿಂದ ವೈನಿಗೆ ಇಳಿಯುವುದೂ ಟ್ಯಾನಿನ್ ಅನ್ನುವ ಒಗರಿನ ಅಂಶ. ಅದು ಎಂಜಲಿನ ಪ್ರೋಟೀನನ್ನು ಹಿಡಿದುಕೊಂಡು ಬಾಯಿಯ ಜಾರನ್ನೇ ಕಳೆದುಬಿಡುತ್ತದೆ. ಮೆಡಾಕ್‌ನಲ್ಲಿ ಜಾಸ್ತಿ ಬೆಳೆಯುವ ಕಬರ್ನೆ ಸೊವಿನ್ಯೋ ದ್ರಾಕ್ಷಿ ಸಣ್ಣದು, ಸಿಪ್ಪೆ ದಪ್ಪ. ಹೊಸ ವೈನಿನಲ್ಲಿ ಒಗರು ಎದ್ದು ಕಾಣುತ್ತದೆ, ವರ್ಷಗಟ್ಟಲೆ ಇಟ್ಟರೆ ಮೆತ್ತಗಾಗುತ್ತದೆ. ಇನ್ನು ಖಾರಕ್ಕೂ ಮದ್ಯಸಾರಕ್ಕೂ ಒಂದೇ ಕೆಲಸ, ಬಾಯಿ ಉರಿಸುವುದು. ಎರಡನ್ನೂ ಒಟ್ಟಿಗೆ ಕೂರಿಸಿದ್ದು ನಾನು.

ವೈನ್ ಬಲ್ಲವರು ಇದೇ ಮೆಡಾಕ್‌ನಲ್ಲಿ ದೇವದಾರು, ಪೆನ್ಸಿಲ್ ಸೀಸ, ಬ್ಲ್ಯಾಕ್‌ಕರಂಟ್ ಹಣ್ಣು ಎಲ್ಲ ಮೂಸುತ್ತಾರೆ. ನಾನೂ ಲೋಟ ತಿರುಗಿಸಿ ತಿರುಗಿಸಿ ಮೂಸಿದೆ. ಪೆನ್ಸಿಲ್ ಸಿಕ್ಕಿತು, ಮೂರನೇ ಕ್ಲಾಸಿನ ಕಂಪಾಸು ಪೆಟ್ಟಿಗೆ ತೆರೆದ ಹಾಗೆ. ಆದರೆ ಹುಡುಗನಾಗಿ ಬ್ಲ್ಯಾಕ್‌ಕರಂಟ್ ತಿಂದೇ ಇಲ್ಲದ ಮೂಗು ಅದನ್ನು ಎಲ್ಲಿಂದ ತರಬೇಕು? ನನ್ನ ಮೂಗು ನೇರಳೆ ಹಣ್ಣು ಅಂತು. ಅದಕ್ಕೂ ಒಗರಿದೆ ಅಲ್ವಾ, ತಪ್ಪೇನಿಲ್ಲ.

ಒಗರಿಗೆ ಮದ್ದು ನಮ್ಮ ಅಡುಗೆಮನೆಗೆ ಮೊದಲೇ ಗೊತ್ತಿತ್ತು. ಬಾಳೆಹೂವು ಹೆಚ್ಚಿದ ಕೂಡಲೇ ಅಮ್ಮ ಮಜ್ಜಿಗೆ ನೀರಿಗೆ ಹಾಕುತ್ತಿದ್ದಳು. ದಾಳಿಂಬೆ ಸಿಪ್ಪೆಯ ತಂಬುಳಿಗೂ ಮಜ್ಜಿಗೆಯೇ ಬೇಕು. ಹಾಲಿನ ಪ್ರೋಟೀನು ಸಿಕ್ಕರೆ ಟ್ಯಾನಿನ್ ಅದನ್ನೇ ಹಿಡಿದುಕೊಳ್ಳುತ್ತದೆ, ನಮ್ಮ ಎಂಜಲು ಬಚಾವು. ಮೆಡಾಕ್‌ನ ಪೊಯ್ಯಾಕ್ ಕಡೆಯವರು ಎಳೆ ಕುರಿಮರಿಯ ಮಾಂಸ ಇಡುವುದೂ ಇದೇ ಲೆಕ್ಕದಲ್ಲಿ. ಮಾಂಸ ತಿನ್ನದ ನಾವು ಮರುದಿನ ಉಳಿದರ್ಧ ಬಾಟಲಿಯನ್ನು ಗಟ್ಟಿ ಕೊಂತೆ ಚೀಸಿನ ಜೊತೆ ಮುಗಿಸಿದೆವು. ಒಂದು ಚೂರು ಚೀಸು, ಒಂದು ಗುಟುಕು ವೈನು. ಚೊಗರು ಅರ್ಧಕ್ಕರ್ಧ ಇಳಿದಿತ್ತು.

ಲಿಯಾನ್‌ನವರ ಮನಸ್ಸೆಲ್ಲ ಬೇರೆ ಕಡೆ. ಈ ಊರಿಗೆ ಮೂರು ನದಿ ಅನ್ನುತ್ತಾರೆ: ರೋನ್, ಸೋನ್, ಬೋಜೊಲೆ. ಮೂರನೆಯದು ಪಕ್ಕದ ಗುಡ್ಡಗಳ ವೈನು, ಗಾಮೇ ದ್ರಾಕ್ಷಿಯದು. 1395ರಲ್ಲಿ ಬರ್ಗಂಡಿಯ ದೊರೆ ಫಿಲಿಪ್, ಈ ಬಳ್ಳಿ ಕೆಟ್ಟದ್ದು, ನಂಬಿಕಸ್ತವಲ್ಲ, ಕಿತ್ತು ಹಾಕಿ ಅಂತ ಹುಕುಂ ಹೊರಡಿಸಿದ್ದ. ಗಾಮೇ ದಕ್ಷಿಣದ ಗುಡ್ಡಗಳಲ್ಲಿ ಬದುಕಿಕೊಂಡಿತು. ಅಲ್ಲಿ ಗೊಂಚಲನ್ನು ಹಿಂಡದೆ ಇಡಿಯಾಗಿ ತೊಟ್ಟಿಗೆ ಹಾಕುತ್ತಾರೆ. ಹಣ್ಣಿನ ಒಳಗೇ ಹುದುಗು ಶುರುವಾಗುತ್ತದೆ, ಒಗರು ಅಷ್ಟಾಗಿ ಇಳಿಯುವುದಿಲ್ಲ.

ಇದನ್ನು ಕುಡಿಯಬೇಕಾದ್ದು ಬುಶೊಂನಲ್ಲಿ. ಬುಶೊಂ ಅಂದರೆ ಲಿಯಾನ್‌ನ ಹಳೇ ಕಾಲದ ಪುಟ್ಟ ಹೋಟೆಲು. ಬಿಳಿ ಕೋಟಿನವರು ಮುಚ್ಚಳ ಮೂಸಿಸುವ ಶಾಸ್ತ್ರವೆಲ್ಲ ಅಲ್ಲಿಲ್ಲ. ವೈನು 'ಪೊ' ಅನ್ನುವ ಬಾಟಲಿಯಲ್ಲಿ ಬರುತ್ತದೆ. ಹಿಡಿಯುವುದು 46 ಸೆಂಟಿಲೀಟರ್, ತಳ ಮಾತ್ರ ಹೆಬ್ಬೆರಳಷ್ಟು ದಪ್ಪ ಗಾಜು.

ತಿನ್ನಲು ಏನಿದೆ ಅಂತ ಪಟ್ಟಿ ನೋಡಿದರೆ 'ನೇಕಾರನ ಮೆದುಳು' ಅಂತಿತ್ತು. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಬಂದದ್ದು ಹಸಿ ಚೀಸು! ಬೆಳ್ಳುಳ್ಳಿ, ಸಣ್ಣ ಈರುಳ್ಳಿ, ಹಸಿರು ಸೊಪ್ಪು ಹೆಚ್ಚಿ ಹಾಕಿ ಕಲೆಸಿದ್ದು. ಬಟ್ಟೆಯಲ್ಲಿ ಕಟ್ಟಿಟ್ಟ ಮೊಸರಿನ ಹಾಗೆ. ಇಲ್ಲಿನ ರೇಷ್ಮೆ ನೇಕಾರರ ಹೆಸರನ್ನು ಅದಕ್ಕೆ ಇಟ್ಟಿದ್ದಾರೆ. ಬ್ರೆಡ್ಡಿಗೆ ಬಳಿದು ತಿಂದು, ಮೇಲೆ ತುಸು ತಣ್ಣಗಿನ ಬೋಜೊಲೆ.

"ಇದಾದ್ರೆ ನಾಳೆ ಸಾರಿನ ಜೊತೆಗೂ ಆಗ್ಬಹುದು, ಅಲ್ವಾ?" ಅಂದಳು.

ನೋಡೋಣ ಅನ್ನುವಷ್ಟರಲ್ಲಿ ಪೊ ಖಾಲಿಯಾಗಿತ್ತು. ತಳ ದಪ್ಪ, ಹೇಳಿದೆನಲ್ಲ.