ಅಧ್ಯಕ್ಷರು ಲಗ್ನಕ್ಕ ಹೋಗ್ಯಾರ

ಕಲಬುರಗಿಯ ನಮ್ಮ ಬಡಾವಣೆಯ ಸಂಘಕ್ಕೆ ನಾನು ಉಪಾಧ್ಯಕ್ಷ. ಅಧ್ಯಕ್ಷರು ಲಗ್ನಕ್ಕೆ ಹೋದಾಗ ಅವರ ಕುರ್ಚಿಯಲ್ಲಿ ಕೂಡುವುದೇ ನನ್ನ ಕೆಲಸ. ನಮ್ಮ ಕಡೆ ಮೇ ತಿಂಗಳಲ್ಲಿ ಲಗ್ನವೂ ಜಾಸ್ತಿ, ನೀರಿನ ಜಗಳವೂ ಜಾಸ್ತಿ. ಹೀಗಾಗಿ ಊಟ ಅವರಿಗೆ, ಬೈಗುಳ ನನಗೆ. ಕುರ್ಚಿ ಪ್ಲಾಸ್ಟಿಕ್ಕಿನದು, ಹಿಂದಿನ ಎಡಗಾಲು ಸೀಳಿದ್ದಕ್ಕೆ ತಂತಿ ಸುತ್ತಿದ್ದಾರೆ. ಅಧ್ಯಕ್ಷರು ಬಲಕ್ಕೆ ವಾಲಿ ಕೂಡುತ್ತಾರೆ. ನಾನೂ ಹಾಗೇ ಕಲಿತೆ.

ಮೊನ್ನೆ ಮೋಟಾರಿನ ಗುತ್ತಿಗೆ ಯಾರಿಗೆ ಅಂತ ಚರ್ಚೆ. “ಒಪ್ಪಿದವರು ಹೂಂ ಅನ್ರಿ” ಅಂದೆ. ಅರ್ಧ ಮಂದಿ ‘ಹೂಂ’ ಅಂದರು, ಉಳಿದವರು ‘ಊಹೂಂ’ ಅಂದರು. ಊಹೂಂ ಒಳಗೂ ಒಂದು ಹೂಂ ಇದೆಯಲ್ಲ! ಅದನ್ನೂ ಸೇರಿಸಿಕೊಂಡು ಗೊತ್ತುವಳಿ ಪಾಸ್ ಮಾಡಿದೆ. “ಕೈ ಎತ್ತಿಸಿ ಎಣಿಸ್ರಿ” ಅಂತ ಒದರಿದರು. “ಮೊದಲ ನಿಮ್ಮ ನಿಮ್ಮ ಜಾಗದಾಗ ಕೂಡ್ರಿ” ಅಂದೆ. ಬಂದವರು ನಲವತ್ತು, ಕುರ್ಚಿ ಹದಿನೈದು.

ಈ ವಿದ್ಯೆ ನನ್ನ ಸ್ವಂತದ್ದಲ್ಲ. 2020ರ ಸೆಪ್ಟೆಂಬರ್ 20ರಂದು ರಾಜ್ಯಸಭೆಯಲ್ಲಿ ಉಪಸಭಾಪತಿ ಹರಿವಂಶ್ ಅವರು ಕೃಷಿ ಮಸೂದೆಗಳನ್ನು ಧ್ವನಿಮತದಲ್ಲಿ ದಾಟಿಸಿದ್ದನ್ನು ಟಿವಿಯಲ್ಲಿ ನೋಡಿದ್ದೆ. ಮತ ಎಣಿಸಿ ಅಂದವರಿಗೆ ಅಲ್ಲೂ ಸಿಕ್ಕ ಉತ್ತರ, ಮೊದಲು ಜಾಗದಲ್ಲಿ ಕೂಡಿ. ಮರುದಿನ ಎಂಟು ಸದಸ್ಯರು ಅಮಾನತು, ಅವರಲ್ಲಿ ಬಳ್ಳಾರಿಯ ಸೈಯದ್ ನಾಸಿರ್ ಹುಸೇನ್ ಒಬ್ಬರು. ರಾತ್ರಿಯೆಲ್ಲ ಗಾಂಧಿ ಪ್ರತಿಮೆಯ ಹತ್ತಿರ ಧರಣಿ ಕೂತವರಿಗೆ ಬೆಳಗ್ಗೆ ಉಪಸಭಾಪತಿಗಳೇ ಚಹಾ ತಂದರು. ಅವರು ಕುಡಿಯಲಿಲ್ಲ. ನಾನೂ ಕಿಟ್ಲಿ ಹಿಡಿದು ಹೋದೆ. ನಮ್ಮವರು ಕುಡಿದರು, ಸುಸಲಾ ಮಿರ್ಚಿಬಜಿ ತರಿಸಿಕೊಂಡು ತಿಂದರು, ಕೈ ಒರೆಸಿಕೊಂಡು ಮತ್ತೆ ಜಗಳಕ್ಕೆ ನಿಂತರು.

ಈಗ ಅವರು ದೂರು ಬರೆದಿದ್ದಾರೆ, ಒಂದು ನನ್ನ ಮೇಲೆ, ಒಂದು ಅಧ್ಯಕ್ಷರ ಮೇಲೆ. ನನಗೇನೂ ಭಯವಿಲ್ಲ. ಇದಕ್ಕೂ ದಿಲ್ಲಿಯಲ್ಲಿ ದಾರಿ ಹಾಕಿಟ್ಟಿದ್ದಾರೆ. 2020ರಲ್ಲಿ ಉಪಸಭಾಪತಿಗಳನ್ನು ಕುರ್ಚಿಯಿಂದ ಇಳಿಸಿ ಅಂತ ಬಂದ ನೋಟಿಸನ್ನು ತಳ್ಳಿಹಾಕಿದವರು ಸಭಾಪತಿ ವೆಂಕಯ್ಯ ನಾಯ್ಡು. 2024ರ ಡಿಸೆಂಬರಿನಲ್ಲಿ ಸಭಾಪತಿ ಜಗದೀಪ್ ಧನಕರ್ ಮೇಲೆ ಬಂದ ನೋಟಿಸನ್ನು ತಳ್ಳಿಹಾಕಿದವರು ಉಪಸಭಾಪತಿ ಹರಿವಂಶ್. ತಮ್ಮನ ದೂರು ಅಣ್ಣನ ಮುಂದೆ, ಅಣ್ಣನ ದೂರು ತಮ್ಮನ ಮುಂದೆ. ಇಬ್ಬರ ಕೈಯಲ್ಲೂ ಒಂದೇ ಕ್ಯಾಲೆಂಡರು: ಹದಿನಾಲ್ಕು ದಿನ ಮೊದಲು ತಿಳಿಸಬೇಕಿತ್ತು. ಡಿಸೆಂಬರ್ 10ಕ್ಕೆ ನೋಟಿಸ್, 20ಕ್ಕೆ ಅಧಿವೇಶನ ಮುಗಿತಾಯ. ಜೊತೆಗೆ ಧನಕರ್ ಹೆಸರಿನ ಕಾಗುಣಿತವೂ ತಪ್ಪಿತ್ತಂತೆ.

ಈ ಕಾಗುಣಿತದ ಕಲಂ ಕಲಬುರಗಿಗೆ ಬಂದರೆ ಇಲ್ಲಿ ಯಾರ ಮೇಲೂ ದೂರು ನಿಲ್ಲುವುದಿಲ್ಲ. ಒಬ್ಬನೇ ಮನುಷ್ಯ ರೇಷನ್ ಕಾರ್ಡಿನಲ್ಲಿ ಶರಣಪ್ಪ, ಆಧಾರಿನಲ್ಲಿ ಶರಣಬಸಪ್ಪ, ಪಹಣಿಯಲ್ಲಿ ಶರಣಬಸವಪ್ಪ.

ಹಾಗಂತ ಉಪ ಅನ್ನುವವನನ್ನು ಹಗುರವಾಗಿ ಕಾಣಬೇಡಿ. 2025ರ ಜುಲೈ 21ರ ರಾತ್ರಿ ಧನಕರ್ ರಾಜೀನಾಮೆ ಕೊಟ್ಟರು. ಮರುದಿನದಿಂದ ಆ ಅಧಿವೇಶನದ ಉಳಿದ ದಿನಗಳ ಭಾರವೆಲ್ಲ ಹರಿವಂಶ್ ಹೆಗಲಿಗೆ ಬಿತ್ತು. ಅವರಿಗೂ ದಣಿವಾದರೆ ಕೂಡಲು ಸಭಾಪತಿಗಳು ಹೆಸರಿಸಿದ ಬೇರೆ ಸದಸ್ಯರ ಸಾಲೇ ಇತ್ತು. ಮಜಾ ಅಂದರೆ, ಪಕ್ಕದ ಲೋಕಸಭೆ 2019ರಿಂದ 2024ರವರೆಗೆ ಒಬ್ಬ ಉಪಸಭಾಧ್ಯಕ್ಷರೂ ಇಲ್ಲದೆ ಐದು ವರ್ಷ ಕಳೆಯಿತು. ಸಂವಿಧಾನದ 93ನೇ ವಿಧಿ ‘ಆದಷ್ಟು ಬೇಗ’ ಆರಿಸಿ ಅನ್ನುತ್ತದೆ. ನಮ್ಮ ನಳಕ್ಕೆ ನೀರು ಬಿಡುವವನೂ ಹಾಗೇ ಅನ್ನುತ್ತಾನೆ.

ನಿನ್ನೆ ದೂರುದಾರರು ಮತ್ತೆ ಬಂದರು. ಅಧ್ಯಕ್ಷರ ಆಧಾರ್ ಜೆರಾಕ್ಸ್ ಇಟ್ಟು, ಅಕ್ಷರ ಅಕ್ಷರ ತಾಳೆ ನೋಡಿ ಬರೆದ ಅರ್ಜಿ ಮುಂದಿಟ್ಟರು. ತಪ್ಪು ಹುಡುಕಿ ಹುಡುಕಿ ಬೆವರು ಬಂತು. ಕೊನೆಗೆ ಗೋಡೆಯ ಮೇಲಿದ್ದ ಕಿರಾಣಿ ಅಂಗಡಿಯ ಕ್ಯಾಲೆಂಡರಿನ ಹತ್ತಿರ ಹೋಗಿ, ಮುಂದಿನ ಸಭೆಯವರೆಗೆ ಬೆರಳಿಟ್ಟು ಎಣಿಸಿದೆ.

ಹದಿಮೂರು.