21 ದಿನದಲ್ಲಿ ಅಭ್ಯಾಸ ಅಳಿಸಿಹೋಗ್ತದಾ? ಸತ್ಯಾಂಶ

ನಮ್ಮ ಬದಿಯಡ್ಕದ ಫ್ಯಾಮಿಲಿ ಗ್ರೂಪಲ್ಲಿ ಮತ್ತೆ ಬಂತು, 21 ದಿನ ಬಿಟ್ರೆ ಎಂಥ ಹಳೇ ಅಭ್ಯಾಸವೂ ಮೆದುಳಿಂದ ಅಳಿಸಿಹೋಗ್ತದೆ ಅಂತ. ಹಾಗಿಲ್ಲ. ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಅನ್ನೋ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ ಬರೆದದ್ದು, ಆಪರೇಷನ್ ಆದವರಿಗೆ ಹೊಸ ಮುಖ ರೂಢಿಯಾಗ್ಲಿಕ್ಕೆ ಕಮ್ಮಿ ಅಂದ್ರೂ 21 ದಿನ ಬೇಕು ಅಂತ, ಆ "ಕಮ್ಮಿ ಅಂದ್ರೂ" ಫಾರ್ವರ್ಡಲ್ಲಿ ಬಿದ್ದುಹೋಗಿದೆ. ಲಂಡನ್ನಿನ ಒಂದು ಸ್ಟಡಿಯಲ್ಲಿ ಹೊಸ ಅಭ್ಯಾಸ ಕೂರ್ಲಿಕ್ಕೆ ಸುಮಾರು 66 ದಿನ, ಕೆಲವರಿಗೆ 18, ಕೆಲವರಿಗೆ ಅಂದಾಜು 254.

ಹಳೇದು ಅಳಿಯೋದಲ್ಲ, ಅದರ ಮೇಲೆ ಹೊಸದು ಕೂರೋದು. ರಷ್ಯಾದ ವಿಜ್ಞಾನಿ ಪಾವ್ಲೋವ್ ಊಟದ ಮುಂಚೆ ಒಂದು ಶಬ್ದ ಕೇಳಿಸಿ ಕೇಳಿಸಿ, ನಾಯಿಗಳಿಗೆ ಆ ಶಬ್ದಕ್ಕೇ ಜೊಲ್ಲು ಸುರಿಸೋದು ಅಭ್ಯಾಸ ಮಾಡ್ಸಿದ್ರು. ಆಮೇಲೆ ಊಟ ಕೊಡದೆ ಬರೀ ಶಬ್ದ ಕೇಳಿಸಿ ಅದು ನಿಂತ ಮೇಲೂ, ಸ್ವಲ್ಪ ಬಿಡುವು ಕೊಟ್ಟು ಕೇಳಿಸಿದ್ರೆ ಜೊಲ್ಲು ತಿರುಗಿ ಬಂತು. ನನ್ನ ಮಾವ ಹೊಗೆಸೊಪ್ಪು ಬಿಟ್ಟು ಎರಡು ವರ್ಷ, ಮೊನ್ನೆ ಅಡಿಕೆ ಸುಲಿಯೋವಾಗ ಪಕ್ಕದವರು ವೀಳ್ಯದೆಲೆಗೆ ಸುಣ್ಣ ಹಚ್ಚಿದ್ದು ನೋಡಿ ಕೈ ತನ್ನಷ್ಟಕ್ಕೆ ಸೊಂಟಕ್ಕೆ ಹೋಯ್ತು, ಸಂಚಿ ಇರ್ಲಿಲ್ಲ. ಅದು ಸೋಲಲ್ಲ. 22ನೇ ದಿನ ಆಸೆ ಆಯ್ತು ಅಂತ ತಿರುಗಿ ಶುರು ಮಾಡ್ಬೇಡಿ, ಮನೆಯವರೂ ಬಿಟ್ಟವರೆದುರು ಎಲೆತಟ್ಟೆ ಇಡ್ಬೇಡಿ.