ನೆರವಿನ ಲೆಕ್ಕವನ್ನು ಒಟ್ಟಾಗಿ ಇಡಬೇಕು

ಪ್ರವಾಹ, ಭೂಕಂಪ, ಯುದ್ಧಗಳಲ್ಲಿ ಮನೆಮಠ ಕಳೆದುಕೊಂಡವರಿಗೆ ನೆರವು ನೀಡುವ ದೊಡ್ಡ ಸಂಸ್ಥೆಗಳಲ್ಲೆಲ್ಲ ಮೇಲ್ವಿಚಾರಣೆ, ಮೌಲ್ಯಮಾಪನ ಮತ್ತು ಕಲಿಕೆ ಎಂಬ ಒಂದು ವಿಭಾಗ ಇರುತ್ತದೆ. ಕೊಟ್ಟದ್ದು ತಲುಪಬೇಕಾದವರಿಗೆ ತಲುಪಿತೇ ಎಂದು ದಿನದಿನವೂ ನೋಡುವುದು ಮೇಲ್ವಿಚಾರಣೆ. ಅದರಿಂದ ಅವರ ಬದುಕಿನಲ್ಲಿ ಏನಾಯಿತು, ಆ ಕೆಲಸವನ್ನೇ ಮಾಡಬೇಕಿತ್ತೇ ಎಂದು ನಿಂತು ಕೇಳುವುದು ಮೌಲ್ಯಮಾಪನ. ಬಂದ ಉತ್ತರದಿಂದ ಮುಂದಿನ ಕೆಲಸವನ್ನು ತಿದ್ದಿಕೊಳ್ಳುವುದು ಕಲಿಕೆ. ಹಲವು ವರ್ಷಗಳಿಂದ ನನ್ನ ವೃತ್ತಿ ಇದೇ. ಸಂಸ್ಥೆಗಳು ಈ ಮೂರನ್ನೂ ತಮ್ಮ ತಮ್ಮ ಮಟ್ಟಿಗೆ ಶ್ರದ್ಧೆಯಿಂದಲೇ ಮಾಡುತ್ತವೆ. ಆದರೆ ಒಂದೇ ಶಿಬಿರದಲ್ಲಿ, ಒಂದೇ ಜನರ ನಡುವೆ ದುಡಿಯುವ ಸಂಸ್ಥೆಗಳು ಇದನ್ನು ಒಟ್ಟಾಗಿ ಮಾಡುವುದು ಅಪರೂಪ, ಮತ್ತು ಅದರ ನಷ್ಟವೆಲ್ಲ ಸಂತ್ರಸ್ತರ ತಲೆಯ ಮೇಲೆಯೇ ಬೀಳುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ನೀರಿನ ವಿಷಯವನ್ನೇ ತೆಗೆದುಕೊಳ್ಳೋಣ. ನೆರವು ಸಂಸ್ಥೆಗಳೆಲ್ಲ ಒಪ್ಪಿಕೊಂಡಿರುವ ಸ್ಫಿಯರ್ ಕೈಪಿಡಿಯ ಪ್ರಕಾರ ಶಿಬಿರದಲ್ಲಿ ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು ಸಿಗಬೇಕು, ಒಂದು ನಲ್ಲಿಯನ್ನು 250ಕ್ಕಿಂತ ಹೆಚ್ಚು ಜನ ನೆಚ್ಚಿಕೊಂಡಿರಬಾರದು, ನೀರಿನ ಜಾಗ ಮನೆಯಿಂದ 500 ಮೀಟರಿನೊಳಗೆ ಇರಬೇಕು. ಟ್ಯಾಂಕರಿನಲ್ಲಿ ನೀರು ತರುವ ಸಂಸ್ಥೆಯು ದಿನಕ್ಕೆ ಎಷ್ಟು ಟ್ಯಾಂಕರು ಬಂತೆಂದು ಬರೆದುಕೊಂಡು, ಒಟ್ಟು ಲೀಟರನ್ನು ಶಿಬಿರದ ಜನಸಂಖ್ಯೆಯಿಂದ ಭಾಗಿಸಿ, ಗುರಿ ಮುಟ್ಟಿದೆವೆಂದು ವರದಿ ಕಳಿಸುತ್ತದೆ. ಆ ಲೆಕ್ಕದಲ್ಲಿ ಸುಳ್ಳಿಲ್ಲ. ಆದರೆ ಗುಡ್ಡದ ಮೇಲಿನ ಸಾಲಿನಲ್ಲಿ ಐದು ಜನರ ಒಂದು ಕುಟುಂಬವಿದೆ ಎನ್ನಿ. ಅವರಿಗೆ ದಿನಕ್ಕೆ 75 ಲೀಟರ್ ಬೇಕು. ಮನೆಯಲ್ಲಿರುವುದು ಎರಡು ಪ್ಲಾಸ್ಟಿಕ್ ಕೊಡ, ಅದರಲ್ಲಿ ಒಂದು ತಳ ಸೀಳಿದೆ. ಮಳೆ ಬಂದರೆ ಇಳಿಜಾರು ಜಾರುತ್ತದೆ. ನಲ್ಲಿಯ ಮುಂದೆ ಸಾಲಿನಲ್ಲಿ ನಿಂತು ನೀರು ಹೊತ್ತು ತರುವುದು ಆ ಮನೆಯ ಹನ್ನೆರಡು ವರ್ಷದ ಹುಡುಗಿಯ ಪಾಲಿಗೆ ಬಂದಿರುತ್ತದೆ. ಟ್ಯಾಂಕರಿನ ಸಂಸ್ಥೆ ಅಳೆಯುವುದು ನೀರನ್ನು. ಕೊಡ ಹಂಚುವುದು ಇನ್ನೊಂದು ಸಂಸ್ಥೆಯ ಕೆಲಸವಾದ್ದರಿಂದ ಅದು ಎಣಿಸುವುದು ಕೊಡಗಳನ್ನು. ವಾಂತಿಭೇದಿಯ ಪ್ರಕರಣಗಳು ಮೂರನೆಯ ಸಂಸ್ಥೆಯ ಚಿಕಿತ್ಸಾಲಯದ ರಿಜಿಸ್ಟರಿನಲ್ಲಿರುತ್ತವೆ. ಆ ಹುಡುಗಿ ತರಗತಿಗೆ ಬರುವುದು ಕಡಿಮೆಯಾಗಿದೆ ಎಂಬುದು ನಾಲ್ಕನೆಯ ಸಂಸ್ಥೆಯ ಹಾಜರಿ ಪುಸ್ತಕದಲ್ಲಿರುತ್ತದೆ. ನಾಲ್ಕನ್ನೂ ಒಂದು ಮೇಜಿನ ಮೇಲೆ ತೆರೆದಿಟ್ಟರೆ ಗುಡ್ಡದ ಮೇಲಿನ ಸಾಲಿಗೆ ಪೈಪು ಹಾಕಬೇಕು, ಮನೆಗೆ ಇನ್ನೆರಡು ಕೊಡ ಕೊಡಬೇಕು ಎಂಬುದು ಒಂದು ಮಧ್ಯಾಹ್ನದಲ್ಲಿ ತಿಳಿಯುತ್ತದೆ. ಬೇರೆ ಬೇರೆಯಾಗಿ ಇಟ್ಟುಕೊಂಡರೆ ನಾಲ್ಕೂ ಸಂಸ್ಥೆಗಳು ತಮ್ಮ ಗುರಿ ಮುಟ್ಟಿರುತ್ತವೆ, ಹುಡುಗಿ ಮಾತ್ರ ಶಾಲೆ ಬಿಟ್ಟಿರುತ್ತಾಳೆ.

ಇಷ್ಟು ಸರಳವಾದದ್ದು ಯಾಕೆ ಆಗುವುದಿಲ್ಲ? ಪ್ರತಿ ದಾನಿ ಸಂಸ್ಥೆಗೂ ತನ್ನದೇ ನಮೂನೆ, ತನ್ನದೇ ಸೂಚಕಗಳು (ಏನನ್ನು ಅಳೆಯಬೇಕೆಂಬ ಪಟ್ಟಿ), ತನ್ನದೇ ಗಡುವು ಇರುತ್ತವೆ. ಹೀಗಾಗಿ ಒಂದೇ ಗುಡಿಸಲಿನ ಮುಂದೆ ಬೆಳಿಗ್ಗೆ ಒಬ್ಬರು ಟ್ಯಾಬ್ ಹಿಡಿದು ನಿಲ್ಲುತ್ತಾರೆ, ಸಂಜೆ ಇನ್ನೊಬ್ಬರು. ಮನೆಯಲ್ಲಿ ಎಷ್ಟು ಜನ, ನಿನ್ನೆ ಎಷ್ಟು ಸಲ ಊಟ ಮಾಡಿದಿರಿ, ಸತ್ತವರು ಯಾರು, ಯಾವಾಗ. ಸತ್ತ ಮಗುವಿನ ಬಗ್ಗೆ ತಾಯಿಯೊಬ್ಬಳು ಮತ್ತೆ ಮತ್ತೆ ಹೇಳಬೇಕಾಗುವುದನ್ನು ನಾವು ದತ್ತಾಂಶ ಸಂಗ್ರಹ ಎಂದು ಕರೆಯುತ್ತೇವೆ. ಇದು ಕೇವಲ ಅದಕ್ಷತೆ ಎಂದು ನನಗೆ ಅನ್ನಿಸುವುದಿಲ್ಲ, ಇದು ಅನ್ಯಾಯ. ಅವರು ಕೊಟ್ಟ ಉತ್ತರ ರಾಜಧಾನಿಗೆ, ಅಲ್ಲಿಂದ ಜಿನೀವಾಕ್ಕೋ ಬ್ರಸೆಲ್ಸ್‌ಗೋ ಹೋಗುತ್ತದೆ. ಪಕ್ಕದ ಡೇರೆಯಲ್ಲಿ ಕಚೇರಿ ಮಾಡಿಕೊಂಡಿರುವ ಇನ್ನೊಂದು ಸಂಸ್ಥೆಗೆ ಹೋಗುವುದಿಲ್ಲ, ಉತ್ತರ ಕೊಟ್ಟವರಿಗಂತೂ ಮರಳಿ ಬರುವುದೇ ಇಲ್ಲ.

ಒಟ್ಟಾಗಿ ಮೌಲ್ಯಮಾಪನ ಮಾಡಿದರೆ ಏನಾಗಬಲ್ಲದು ಎಂಬುದಕ್ಕೆ ಚರಿತ್ರೆಯಲ್ಲಿ ಉದಾಹರಣೆಗಳಿವೆ. 1994ರ ಜುಲೈನಲ್ಲಿ, ನರಮೇಧದ ಬಳಿಕ, ರುವಾಂಡಾದಿಂದ ಗಡಿ ದಾಟಿ, ಆಗಿನ ಜೈರ್ (ಈಗಿನ ಕಾಂಗೋ) ದೇಶದ ಗೋಮಾ ಪಟ್ಟಣದ ಸುತ್ತ ಸೇರಿದ ನಿರಾಶ್ರಿತರಲ್ಲಿ ಮೊದಲ ಒಂದು ತಿಂಗಳಲ್ಲಿಯೇ ಸುಮಾರು 50,000 ಜನ ಸತ್ತರು, ಬಹುಪಾಲು ಕಾಲರಾ ಮತ್ತು ಆಮಶಂಕೆಯಿಂದ. ನೆರವು ಸಂಸ್ಥೆಗಳು ಹಿಂಡುಹಿಂಡಾಗಿ ಅಲ್ಲಿ ಇಳಿದಿದ್ದವು. ಡೆನ್ಮಾರ್ಕ್ ಮುಂದಾಗಿ, ದಾನಿ ದೇಶಗಳು, ವಿಶ್ವಸಂಸ್ಥೆಯ ಅಂಗಗಳು ಮತ್ತು ಸ್ವಯಂಸೇವಾ ಸಂಸ್ಥೆಗಳು ಸೇರಿ ನಡೆಸಿದ ಜಂಟಿ ಮೌಲ್ಯಮಾಪನದ ವರದಿ 1996ರಲ್ಲಿ ಹೊರಬಂತು. ರಾಜಕೀಯವಾಗಿ ಮಾಡಬೇಕಾದ ಕೆಲಸಕ್ಕೆ ಮಾನವೀಯ ನೆರವು ಬದಲಿಯಾಗಲಾರದು ಎಂದು ಅದು ಮುಚ್ಚುಮರೆಯಿಲ್ಲದೆ ಹೇಳಿತು. ಸ್ವಯಂಸೇವಾ ಸಂಸ್ಥೆಗಳಲ್ಲಿ ಕೆಲವು ಚೆನ್ನಾಗಿ ಕೆಲಸ ಮಾಡಿದರೆ ಕೆಲವಕ್ಕೆ ಆ ಕೆಲಸದ ಅರ್ಹತೆಯೇ ಇರಲಿಲ್ಲ ಎಂಬುದನ್ನೂ ತೋರಿಸಿತು. ಸ್ಫಿಯರ್ ಮಾನದಂಡಗಳ ಕೆಲಸ 1997ರಲ್ಲಿ ಶುರುವಾಗಲು, ಅದೇ ವರ್ಷ ಅಲ್ನ್ಯಾಪ್ ಎಂಬ ಕಲಿಕೆಯ ಜಾಲ ಹುಟ್ಟಲು ಆ ವರದಿ ಒಂದು ಮುಖ್ಯ ಕಾರಣ. ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುವುದು ಇನ್ನೊಂದು ಸಂಗತಿ: ವರದಿ ಅಚ್ಚಾದ ಮೇಲೆ ಅದರ ಶಿಫಾರಸುಗಳಲ್ಲಿ ಯಾವುದು ಜಾರಿಯಾಯಿತು, ಯಾವುದು ಆಗಲಿಲ್ಲ ಎಂದು ಬೆನ್ನು ಹತ್ತಿ ನೋಡಲು ಪ್ರತ್ಯೇಕ ವ್ಯವಸ್ಥೆಯೊಂದನ್ನು ಮಾಡಿದ್ದರು. ಇವತ್ತು ಆ ಕೆಲಸಕ್ಕೆ ಬಜೆಟ್ಟಿನಲ್ಲಿ ಜಾಗ ಇಡುವವರು ಕಡಿಮೆ.

ಎರಡನೆಯ ಉದಾಹರಣೆ ನಮಗೆ ಹತ್ತಿರದ್ದು. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ಸುಮಾರು 2 ಲಕ್ಷ 27 ಸಾವಿರ ಜನ ಸತ್ತರು. ತಮಿಳುನಾಡಿನ ನಾಗಪಟ್ಟಿಣಂ ಜಿಲ್ಲೆಯೊಂದರಲ್ಲಿಯೇ ಆರು ಸಾವಿರಕ್ಕೂ ಹೆಚ್ಚು. ಮೊದಲ ವಾರಗಳಲ್ಲಿ ಅಲ್ಲಿಗೆ ಲಾರಿಗಟ್ಟಲೆ ಹಳೆಯ ಬಟ್ಟೆ ಬಂದು, ತೊಡುವವರಿಲ್ಲದೆ ರಸ್ತೆಯ ಬದಿಯಲ್ಲಿ ರಾಶಿ ಬಿದ್ದಿತ್ತು. ಕಳಿಸಿದವರ ಮನಸ್ಸು ಒಳ್ಳೆಯದೇ; ಅಲ್ಲಿ ಏನು ಬೇಕು ಎಂದು ಕೇಳಿ ಹೇಳುವ ಒಂದು ಜಾಗ ಇರಲಿಲ್ಲ. ಮೀನುಗಾರರ ಸಂಘಗಳ ಒಕ್ಕೂಟವಾದ ಸಿಫ್ಸ್ ಮತ್ತು ಸ್ಥಳೀಯ ಸಂಸ್ಥೆಯಾದ ಸ್ನೇಹಾ ಮುಂದೆ ನಿಂತು, ಜಿಲ್ಲಾಡಳಿತದ ಜೊತೆ ಸೇರಿ 2005ರ ಜನವರಿಯಲ್ಲಿ ಸಮನ್ವಯ ಕೇಂದ್ರವೊಂದನ್ನು ತೆರೆದವು. ಯಾವ ಹಳ್ಳಿಯಲ್ಲಿ ಯಾರು ಏನು ಮಾಡುತ್ತಿದ್ದಾರೆ, ಎಲ್ಲಿ ಯಾರೂ ಹೋಗಿಲ್ಲ ಎಂಬುದು ಒಂದೇ ಕಡೆ ಸಿಗುವಂತಾದದ್ದು ಆಗಲೇ. ಬಟ್ಟೆಯ ಗೊಂದಲ ಬೇಗ ಮುಗಿಯಿತು. ದೋಣಿಗಳದ್ದು ಮುಗಿಯಲಿಲ್ಲ. ದೋಣಿ ಕಣ್ಣಿಗೆ ಕಾಣುವ ದಾನ, ಅದರ ಮೇಲೆ ದಾನಿಯ ಹೆಸರು ಬರೆಸಬಹುದು. ಪ್ರತಿ ಸಂಸ್ಥೆಯೂ ತಾನು ಕೊಟ್ಟ ಫೈಬರ್ ದೋಣಿಗಳನ್ನು ಎಣಿಸಿತು. ಒಟ್ಟು ಎಷ್ಟಾಯಿತು, ದಡದ ಹತ್ತಿರದ ಸಮುದ್ರ ಅಷ್ಟನ್ನು ತಾಳುತ್ತದೆಯೇ, ಅಷ್ಟು ದೋಣಿ ನಡೆಸಲು ಆಳುಗಳಿದ್ದಾರೆಯೇ ಎಂದು ಕೂಡಿಸಿ ನೋಡುವ ಹೊತ್ತಿಗೆ ದೋಣಿಗಳು ನೀರಿಗೆ ಇಳಿದಾಗಿತ್ತು. ಇತ್ತ ಉಪ್ಪುನೀರು ನುಗ್ಗಿ ಕೆಟ್ಟ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ ದಲಿತ ಕುಟುಂಬಗಳು ಮೀನುಗಾರರಲ್ಲವೆಂಬ ಕಾರಣಕ್ಕೆ ಬಹಳ ಪಟ್ಟಿಗಳಿಂದ ಹೊರಗುಳಿದವು.

ಆ ಸುನಾಮಿಯ ನೆರವನ್ನು 40ಕ್ಕೂ ಹೆಚ್ಚು ಸಂಸ್ಥೆಗಳು ಸೇರಿ ಮೌಲ್ಯಮಾಪನ ಮಾಡಿ, 2006ರ ಜುಲೈನಲ್ಲಿ ವರದಿ ಕೊಟ್ಟವು. ಸುನಾಮಿಯಲ್ಲಿ ನೊಂದ ಒಬ್ಬೊಬ್ಬರ ಪಾಲಿಗೆ ಸುಮಾರು 7,100 ಡಾಲರ್ ಹಣ ಸೇರಿದ್ದರೆ, ಅದೇ 2004ರಲ್ಲಿ ಬಾಂಗ್ಲಾದೇಶದ ಪ್ರವಾಹದಲ್ಲಿ ನೊಂದವರಿಗೆ ತಲೆಗೆ ಬರೀ 3 ಡಾಲರ್ ಖರ್ಚಾಗಿತ್ತು ಎಂಬುದು ಆ ವರದಿಯಿಂದ ಎಲ್ಲರಿಗೂ ತಿಳಿಯಿತು. ಯಾವ ಒಂದು ಸಂಸ್ಥೆಯೂ ತನ್ನ ಲೆಕ್ಕದ ಪುಸ್ತಕ ಮಾತ್ರ ತೆರೆದು ಈ ಮಾತನ್ನು ಹೇಳಲಾರದು. ಎಲ್ಲರ ಪುಸ್ತಕವೂ ಸೇರಿದಾಗ ಮಾತ್ರ ಹೊರಡುವ ಸತ್ಯಗಳಿರುತ್ತವೆ, ಮತ್ತು ನೆರವಿನ ವಿಷಯದಲ್ಲಿ ಮುಖ್ಯವಾದ ಸತ್ಯಗಳು ಬಹುತೇಕ ಅಂಥವೇ. ಅಗತ್ಯಗಳ ಸಮೀಕ್ಷೆ ಎಷ್ಟೋ ನಡೆದರೂ ಹಣ ಎಲ್ಲಿಗೆ ಹೋಗಬೇಕೆಂದು ತೀರ್ಮಾನಿಸಿದ್ದು ಸಮೀಕ್ಷೆಗಳಿಗಿಂತ ಹೆಚ್ಚಾಗಿ ಟಿ.ವಿ. ಪರದೆ ಎಂಬುದನ್ನೂ ಆ ವರದಿ ತೋರಿಸಿಕೊಟ್ಟಿತು.

ಇಷ್ಟೆಲ್ಲ ಗೊತ್ತಿದ್ದೂ 2017ರಲ್ಲಿ ಅದೇ ಮರುಕಳಿಸಿತು. ಆ ವರ್ಷದ ಆಗಸ್ಟ್‌ನಿಂದ ಏಳು ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾಗಳು ಮ್ಯಾನ್ಮಾರ್‌ನಿಂದ ಬಾಂಗ್ಲಾದೇಶದ ಕಾಕ್ಸ್ ಬಜಾರ್‌ಗೆ ಬಂದಾಗ, ಅವಸರದಲ್ಲಿ ಸಾವಿರಾರು ಕೈಪಂಪುಗಳನ್ನು ಕೊರೆದರು. ಬಹಳಷ್ಟು ಆಳವಿಲ್ಲದವು, ಕೆಲವು ಶೌಚಗುಂಡಿಯ ಮಗ್ಗುಲಲ್ಲೇ ಇದ್ದವು. ನೀರು ಪರೀಕ್ಷಿಸಿದಾಗ ಮಲದ ರೋಗಾಣುಗಳು ಸಿಕ್ಕವು. ಪಂಪು ಹಾಕಿದವರು ಪಂಪನ್ನು, ಶೌಚಾಲಯ ಕಟ್ಟಿದವರು ಶೌಚಾಲಯವನ್ನು ಎಣಿಸಿದ್ದರು; ಎರಡರ ನಡುವಿನ ಅಂತರವನ್ನು ಅಳೆಯುವುದು ಬಿಟ್ಟುಹೋಗಿತ್ತು. ನಂತರದ ವರ್ಷಗಳಲ್ಲಿ ಅಲ್ಲಿ ಎಲ್ಲ ಕ್ಷೇತ್ರಗಳಿಗೂ ಸೇರಿ ಜಂಟಿ ಅಗತ್ಯ ಸಮೀಕ್ಷೆ ನಡೆಸುವ ಪದ್ಧತಿ ಬಂತು, ಮತ್ತು ಅದು ಬಹಳ ದೊಡ್ಡ ಸುಧಾರಣೆ.

ಜಂಟಿ ಸಮೀಕ್ಷೆಯೊಂದಿದ್ದರೆ ಸಾಕೆಂದು ನಾನು ಹೇಳುವುದಿಲ್ಲ. ಅದೇ ಶಿಬಿರಗಳಲ್ಲಿ ಹಣದ ಕೊರತೆಯಿಂದ ವಿಶ್ವ ಆಹಾರ ಕಾರ್ಯಕ್ರಮವು ತಿಂಗಳಿಗೆ ತಲೆಗೆ 12 ಡಾಲರ್ ಇದ್ದ ಪಡಿತರವನ್ನು 2023ರ ಮಾರ್ಚ್‌ನಲ್ಲಿ 10ಕ್ಕೆ, ಜೂನ್‌ನಲ್ಲಿ 8ಕ್ಕೆ ಇಳಿಸಿತು. ಸಾಕಷ್ಟು ಆಹಾರಕ್ಕಾಗಿ ಪರದಾಡುವವರ ಪ್ರಮಾಣ ಜೂನ್‌ನಲ್ಲಿ ಶೇ. 79 ಇದ್ದದ್ದು ನವೆಂಬರ್ ಹೊತ್ತಿಗೆ ಶೇ. 90ಕ್ಕೆ ಏರಿದ್ದನ್ನು ಅದರ ಮೇಲ್ವಿಚಾರಣೆಯೇ ಹಿಡಿಯಿತು. ಮಕ್ಕಳ ತೀವ್ರ ಅಪೌಷ್ಟಿಕತೆ ವಿಶ್ವ ಆರೋಗ್ಯ ಸಂಸ್ಥೆಯ ತುರ್ತುಸ್ಥಿತಿಯ ಗೆರೆಯಾದ ಶೇ. 15ನ್ನು ದಾಟಿತು. ಅಳತೆಯಲ್ಲಿ ಲೋಪವಿರಲಿಲ್ಲ, ಸಂಸ್ಥೆಗಳ ನಡುವೆ ಭಿನ್ನಾಭಿಪ್ರಾಯವೂ ಇರಲಿಲ್ಲ, ಇಲ್ಲದೆ ಹೋದದ್ದು ಹಣ. 2024ರ ಜನವರಿಯಲ್ಲಿ ಪಡಿತರ ಮತ್ತೆ 10 ಡಾಲರಿಗೆ ಏರಿತು, ಆಮೇಲೆ ಹಂತಹಂತವಾಗಿ ಇನ್ನೂ ಏರಿತು. ಎಲ್ಲರೂ ಒಂದೇ ಅಂಕಿಯನ್ನು ಒಂದೇ ದನಿಯಲ್ಲಿ ಹೇಳುತ್ತಿದ್ದದ್ದರಿಂದ ದಾನಿಗಳಿಗೆ ಅದನ್ನು ತಳ್ಳಿಹಾಕುವುದು ಕಷ್ಟವಾಯಿತು ಎಂದು ನಾನು ನಂಬುತ್ತೇನೆ. ಅಂಕಿಗಳು ಸಂಸ್ಥೆಗೊಂದರಂತೆ ಇದ್ದಿದ್ದರೆ ತಮಗೆ ಬೇಕಾದ ಅಂಕಿಯನ್ನು ಅವರು ಆರಿಸಿಕೊಳ್ಳುತ್ತಿದ್ದರು.

ಮಾಹಿತಿ ಹಂಚಿಕೊಳ್ಳಬೇಕು ಎಂದಾಗ ಏಳುವ ಅತಿ ಗಂಭೀರವಾದ ಆಕ್ಷೇಪವೂ ರೋಹಿಂಗ್ಯಾಗಳ ಅನುಭವದಿಂದಲೇ ಬಂದದ್ದು. ಅವರ ವೈಯಕ್ತಿಕ ವಿವರಗಳನ್ನು ಸರಿಯಾದ ಒಪ್ಪಿಗೆಯಿಲ್ಲದೆ, ಬಾಂಗ್ಲಾದೇಶದ ಮೂಲಕ, ಅವರು ಯಾರಿಂದ ಓಡಿ ಬಂದಿದ್ದರೋ ಆ ಮ್ಯಾನ್ಮಾರ್ ಸರ್ಕಾರದ ಕೈಗೆ ಕೊಡಲಾಯಿತು ಎಂದು ಮಾನವ ಹಕ್ಕುಗಳ ಸಂಸ್ಥೆಯಾದ ಹ್ಯೂಮನ್ ರೈಟ್ಸ್ ವಾಚ್ 2021ರ ಜೂನ್‌ನಲ್ಲಿ ಆಪಾದಿಸಿತು. ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಒಪ್ಪಿಗೆ ಪಡೆದೇ ಮಾಡಿದ್ದೆಂದು ಉತ್ತರಿಸಿತು. ಆ ವಾದ ಏನೇ ಇರಲಿ, ಭಯ ನಿಜವಾದದ್ದು. ಆದ್ದರಿಂದ ಸಂಸ್ಥೆಗಳ ನಡುವೆ ಹೆಸರು, ಬೆರಳಚ್ಚು, ಫೋನ್ ನಂಬರ್ ಓಡಾಡಬಾರದು. ಗುಡ್ಡದ ಮೇಲಿನ ಸಾಲಿನಲ್ಲಿ ನೀರು ಸಾಲದು ಎಂದು ತಿಳಿಸಲು ಯಾರ ಹೆಸರೂ ಬೇಕಿಲ್ಲ.

ಸಮನ್ವಯದ ಹೊಣೆ ಹೊತ್ತವರು ಮಾಡಬೇಕಾದದ್ದು ಗಹನವಾದ ಕೆಲಸವೇನಲ್ಲ, ಆದರೆ ಅಧಿಕಾರವಿಲ್ಲದೆ ಆಗದು. ಯಾವ ವಾರ ಯಾರು ಯಾವ ಬ್ಲಾಕಿನಲ್ಲಿ ಸಮೀಕ್ಷೆ ಮಾಡುತ್ತಾರೆ ಎಂಬ ಒಂದೇ ಪಂಚಾಂಗ ಇರಬೇಕು. ಈಗಾಗಲೇ ಯಾರೋ ಕೇಳಿರುವ ಪ್ರಶ್ನೆಯನ್ನು ನಿಮ್ಮ ಪಟ್ಟಿಯಿಂದ ತೆಗೆಯಿರಿ ಎಂದು ಹೇಳುವ ಹಕ್ಕು ಸಮನ್ವಯಕಾರರಿಗೆ ಇರಬೇಕು, ದಾನಿಗಳು ಅದನ್ನು ಒಪ್ಪಬೇಕು. ತಿಂಗಳಿಗೊಮ್ಮೆ ಸೇರುವ ಸಭೆಯಲ್ಲಿ ವರದಿ ಓದುವುದನ್ನು ಬಿಟ್ಟು, ಕಳೆದ ತಿಂಗಳ ಮಾಹಿತಿಯಿಂದ ಯಾವ ಕೆಲಸ ಬದಲಾಯಿತು, ಬದಲಾಗದಿದ್ದರೆ ಯಾಕೆ ಎಂಬುದನ್ನು ಮಾತ್ರ ಬರೆದಿಡಬೇಕು. ಯೋಜನೆ ಮುಗಿದು, ಸಿಬ್ಬಂದಿ ಬೇರೆ ದೇಶಕ್ಕೆ ಹೋದ ಮೇಲೆ ಬರುವ ನೂರು ಪುಟದ ಮೌಲ್ಯಮಾಪನದಿಂದ ಆ ಶಿಬಿರದವರಿಗೆ ಏನೂ ಪ್ರಯೋಜನವಿಲ್ಲ. ಆರನೆಯ ವಾರಕ್ಕೆ ಬರುವ ಹತ್ತು ಪುಟವೇ ಮೇಲು.

ಇದನ್ನೆಲ್ಲ ಕನ್ನಡದಲ್ಲಿ ಬರೆಯಲು ಕಾರಣವಿದೆ. 2009ರ ಉತ್ತರ ಕರ್ನಾಟಕದ ಪ್ರವಾಹದ ನಂತರ ‘ಆಸರೆ’ ಯೋಜನೆಯಲ್ಲಿ ದಾನಿಗಳ ಹಣದಿಂದ ಹೊಸ ಜಾಗಗಳಲ್ಲಿ ಮನೆಗಳನ್ನು ಕಟ್ಟಿದರು. ಹಸ್ತಾಂತರವಾದ ಮನೆಗಳ ಲೆಕ್ಕ ಸಿಕ್ಕಿತು. ಆದರೆ ಹೊಲ ದೂರ, ದನ ಕಟ್ಟಲು ಜಾಗವಿಲ್ಲ ಎಂದು ಹಲವು ಕಡೆ ಜನ ಹಳೆಯ ಊರಿಗೇ ಮರಳಿದ್ದನ್ನು ಪತ್ರಿಕೆಗಳು ವರದಿ ಮಾಡಬೇಕಾಯಿತು. ಈಗ ಬೆಂಗಳೂರಿನ ದೊಡ್ಡ ಕಂಪನಿಗಳು ಪ್ರವಾಹ ಪರಿಹಾರಕ್ಕೆ ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ) ಹಣ ಕೊಡುತ್ತವೆ. ಹಿಂದಿನ ಮೂರು ವರ್ಷಗಳಲ್ಲಿ ಸರಾಸರಿ 10 ಕೋಟಿ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಸಿಎಸ್‌ಆರ್ ಹೊಣೆಯಿರುವ ಕಂಪನಿಗಳು, 1 ಕೋಟಿ ಅಥವಾ ಅದಕ್ಕಿಂತ ದೊಡ್ಡ ಯೋಜನೆಗಳು ಮುಗಿದು ಕನಿಷ್ಠ ಒಂದು ವರ್ಷವಾದ ಮೇಲೆ ಸ್ವತಂತ್ರ ಸಂಸ್ಥೆಯಿಂದ ಪರಿಣಾಮದ ಮೌಲ್ಯಮಾಪನ ಮಾಡಿಸಬೇಕೆಂದು 2021ರ ಜನವರಿಯಿಂದ ನಿಯಮವಿದೆ. ಕಂಪನಿಗಳು ಒಂದು ಯೋಜನೆಯನ್ನು ಸೇರಿ ನಡೆಸಿದರೆ ಒಬ್ಬರು ಮಾಡಿಸಿದ ಮೌಲ್ಯಮಾಪನವನ್ನೇ ಉಳಿದವರೂ ಬಳಸಿಕೊಳ್ಳಬಹುದು ಎಂದು ಕಂಪನಿ ವ್ಯವಹಾರಗಳ ಸಚಿವಾಲಯ ಹೇಳಿದೆ. ಹಾಗಿರುವಾಗ ಒಂದೇ ತಾಲ್ಲೂಕಿನಲ್ಲಿ ನಾಲ್ಕು ಕಂಪನಿಗಳು ನಾಲ್ಕು ತಂಡಗಳನ್ನು ಒಂದೇ ಊರಿಗೆ ಯಾಕೆ ಕಳಿಸಬೇಕು? ಜಿಲ್ಲಾಡಳಿತವನ್ನೂ ಸೇರಿಸಿಕೊಂಡು ಒಂದೇ ಸಮೀಕ್ಷೆ ಮಾಡಿಸಿ, ಅದರ ಫಲಿತಾಂಶವನ್ನು ಆ ಊರಿನ ಗ್ರಾಮಸಭೆಯಲ್ಲಿ ಕನ್ನಡದಲ್ಲಿ ಓದಿ ಹೇಳಬೇಕು. ಸಿಎಸ್‌ಆರ್ ವಿಭಾಗಗಳಲ್ಲಿ ಕೆಲಸ ಮಾಡುವ ಗೆಳೆಯರು ಇದನ್ನು ಓದುತ್ತಿದ್ದರೆ ನನಗೆ ಬರೆಯಿರಿ. ಕಟ್ಟಿಕೊಟ್ಟ ಮನೆಗಳಲ್ಲಿ ಈಗ ಯಾರು ವಾಸವಿದ್ದಾರೆ, ಬೀಗ ಹಾಕಿದ ಮನೆಯವರು ಎಲ್ಲಿದ್ದಾರೆ ಎಂಬ ಎರಡು ಪ್ರಶ್ನೆಗಳಿಂದ ಶುರು ಮಾಡಬಹುದು.